ಎತ್ತು ಮಾರುವ ಮುನ್ನ ಬಣವಿ ಅಳೆಯೋಣ

ಹಿಂಗಾರಿ ಕೈಕೊಟ್ಟ ವರ್ಷ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಒಕ್ಕಲು ಮನೆಗಳಲ್ಲಿ ಒಂದು ಮಾತನ್ನು ಮೊದಲು ಆಡಲು ಯಾರಿಗೂ ಬಾಯಿ ಬರುವುದಿಲ್ಲ. ಎತ್ತು ಮಾರೋಣವೇ ಎಂಬ ಮಾತು ಅದು. ಸೊಸೈಟಿಯ ಸಾಲದ ಕಂತು ಬಾಕಿ ಇರುತ್ತದೆ, ಮಕ್ಕಳ ಶಾಲೆಯ ಖರ್ಚು ಕಾದಿರುತ್ತದೆ, ಕಣಿಕೆಯ ಬಣವಿ ದಿನದಿನಕ್ಕೂ ಕುಗ್ಗುತ್ತಿರುತ್ತದೆ. ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಸಿಕೊಂಡ ಜೋಡಿ ಅದು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನಲ್ಲಿ ಮಾಡಿ ಪೂಜಿಸಿದ್ದೂ ಅದರದೇ ರೂಪವನ್ನು. ಅದನ್ನು ಮಾರುವುದೆಂದರೆ ಮನೆಯ ಆಳೊಬ್ಬನನ್ನು ಕಳಿಸಿದಂತೆ ಎಂದು ಒಂದು ಮನಸ್ಸು ಹೇಳುತ್ತದೆ. ಹೊಟ್ಟೆಗಿಲ್ಲದ ಕಾಲದಲ್ಲಿ ಅಭಿಮಾನ ಹಿಡಿದು ಕೂರುವುದು ದಡ್ಡತನ ಎಂದು ಇನ್ನೊಂದು ಮನಸ್ಸು ಹೇಳುತ್ತದೆ. ಹೃದಯಕ್ಕೂ ಲೆಕ್ಕಕ್ಕೂ ನಡೆಯುವ ಜಗಳವೆಂದೇ ಈ ಸಂಕಟವನ್ನು ನಾವು ಸಾಮಾನ್ಯವಾಗಿ ವಿವರಿಸುತ್ತ ಬಂದಿದ್ದೇವೆ. ನನ್ನ ವಾದ ಬೇರೆ. ಎತ್ತು ಮಾರುವುದು ಸರಿಯೋ ತಪ್ಪೋ ಎಂಬುದು ಬಹುಮಟ್ಟಿಗೆ ಅದನ್ನು ಯಾವ ತಿಂಗಳು ನಿರ್ಧರಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಎಳ್ಳಮಾವಾಸ್ಯೆಯಿಂದ ಸಂಕ್ರಮಣದ ಒಳಗೆ ಬಣವಿ ಅಳೆದು ಮಾಡಿದ ನಿರ್ಧಾರ ಇಟ್ಟುಕೊಳ್ಳುವುದಾದರೂ ಸರಿ, ಮಾರುವುದಾದರೂ ಸರಿ, ವಿವೇಕದ್ದಾಗಿರುತ್ತದೆ. ಬಣವಿ ಬರಿದಾದ ಮೇಲೆ ವೈಶಾಖದ ಬಿಸಿಲಿನಲ್ಲಿ ಮಾಡುವ ಮಾರಾಟದಲ್ಲಿ ಪ್ರೀತಿಯೂ ಸೋಲುತ್ತದೆ, ಲೆಕ್ಕವೂ ಸೋಲುತ್ತದೆ.

ಈ ಸೀಮೆಯಲ್ಲಿ ಪ್ರಶ್ನೆ ಇಷ್ಟು ತೀವ್ರವಾಗಿರಲು ಇಲ್ಲಿನ ನೆಲವೇ ಕಾರಣ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಬಹುಪಾಲು ಎರಿ ಭೂಮಿ. ಮಳೆಗಾಲದ ತೇವವನ್ನು ಒಡಲಲ್ಲಿಟ್ಟುಕೊಂಡು ಚಳಿಗಾಲದಲ್ಲಿ ಬಿಳಿ ಜೋಳ, ಕಡಲೆ, ಕುಸುಬಿ ಬೆಳೆಯುವ ಭೂಮಿ ಇದು. ಹಸಿಯಾದರೆ ಅಂಟು, ಒಣಗಿದರೆ ಬಿರುಕು. ಹದವಾಗಿರುವುದು ಕೆಲವೇ ದಿನ. ಆ ಕೆಲವು ದಿನಗಳಲ್ಲಿ ಹರಗಿ ಕೂರಿಗೆ ಹೂಡಿದವನಿಗೆ ಬೆಳೆ, ತಪ್ಪಿದವನಿಗೆ ಚಿಂತೆ. ಈ ನೆಲಕ್ಕೆ ತಕ್ಕ ತಳಿಗಳೂ ಈ ಸುತ್ತಿನವೇ. ಕೃಷ್ಣಾ ಕಣಿವೆ ತಳಿಯನ್ನು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗೀರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳನ್ನು ಕೂಡಿಸಿ, ಎರಿ ನೆಲದಲ್ಲಿ ನಿಧಾನವಾಗಿ ಆದರೆ ಗಟ್ಟಿಯಾಗಿ ಎಳೆಯಲೆಂದೇ ರೂಪಿಸಿದರು. ಖಿಲಾರಿ ಅದಕ್ಕಿಂತ ಹಗುರ, ಚುರುಕು. ಬಂಡಿಗೂ ಸರಿ, ಎಡೆ ಕುಂಟೆಗೂ ಸರಿ. ಎರಡು ಹಲ್ಲಿನ ಹೋರಿ ಬಾಯಿಗೂಡಿ, ನೊಗಕ್ಕೆ ಪಳಗಿ, ಎತ್ತರ ನಡಿಗೆಗಳಲ್ಲಿ ಜೊತೆಗಾರನಿಗೆ ಸರಿಸಾಟಿಯಾಗಿ, ಒಡೆಯನ ದನಿಗೆ ಹೊರಳುವಂತಾಗಲು ವರ್ಷಗಳು ಬೇಕು. ಸಂತೆಯಲ್ಲಿ ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಈ ಹೊಲದ ಯಾವ ಬದುವಿನ ಬಳಿ ತಿರುಗಬೇಕು, ಬೆಳೆ ತುಳಿಯದೆ ಸಾಲಿನಲ್ಲಿ ಹೇಗೆ ಹೋಗಬೇಕು ಎಂದು ಆ ಜೋಡಿ ಕಲಿತಿರುವುದು ಅವನ ಕಣ್ಣಿಗೆ ಬೀಳುವುದಿಲ್ಲ, ಅವನು ಕೊಡುವ ಬೆಲೆಯಲ್ಲಿಯೂ ಸೇರುವುದಿಲ್ಲ. ಅಕ್ಕರೆ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಹೀಗೆ ಮಾರುಕಟ್ಟೆ ಕೊಡಲಾಗದ ಬೆಲೆಯ ಅರಿವೇ ಆಗಿದೆ.

ಬರಗಾಲದಲ್ಲಿ ಎತ್ತಿನ ಬೆಲೆ ಹೇಗೆ ವರ್ತಿಸುತ್ತದೆ ಎಂಬುದು ಮುಂದಿನ ಮಾತು. ಬೇರೆ ಸರಕಾದರೆ ಒಬ್ಬನಿಗೆ ಕಷ್ಟ ಬಂದಾಗ ಇನ್ನೊಬ್ಬನಿಗೆ ಅನುಕೂಲವಿರುತ್ತದೆ. ಆದರೆ ಮಳೆ ಹೋದರೆ ಸೀಮೆಗೆ ಸೀಮೆಯೇ ಒಂದೇ ಸಲ ಮಾರಲು ನಿಲ್ಲುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಕೊಳ್ಳಲು ಬರುವವರಾದರೂ ಎಲ್ಲಿಂದ? ಎತ್ತಿನ ಬೆಲೆ ಇಳಿಯುವ ವಾರದಲ್ಲೇ ಕಣಿಕೆಯ ಬೆಲೆ ಏರುತ್ತದೆ. ಮೃಗಶಿರ ಮಳೆ ಬಿದ್ದ ಕೂಡಲೇ ಎಲ್ಲರಿಗೂ ಒಟ್ಟಿಗೇ ಎತ್ತು ಬೇಕಾಗಿ ಅದರ ಬೆಲೆ ಮತ್ತೆ ಏರುತ್ತದೆ. ಮಾರುವಾಗ ತಳದ ಬೆಲೆ, ಕೊಳ್ಳುವಾಗ ತುದಿಯ ಬೆಲೆ. ಅಮರ್ತ್ಯ ಸೇನ್ 1981ರಲ್ಲಿ ಕ್ಷಾಮಗಳ ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಇಥಿಯೋಪಿಯಾದ ಪಶುಪಾಲಕರ ವಿಷಯದಲ್ಲಿ ತೋರಿಸಿದ್ದೂ ಇದೇ ಬಗೆಯ ಪೆಟ್ಟನ್ನು. ದನಗಳು ಸತ್ತದ್ದು ಒಂದು ನಷ್ಟ. ಬದುಕುಳಿದ ದನ ಮಾರಿದರೆ ಸಿಗುವ ಕಾಳಿನ ಪ್ರಮಾಣ ಕುಸಿದದ್ದು ಅದರ ಮೇಲೆ ಬಿದ್ದ ಇನ್ನೊಂದು ನಷ್ಟ. ನಮ್ಮಲ್ಲಿಯೂ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಆಗಿನ್ನೂ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶ, ಜನರನ್ನೂ ದನಗಳನ್ನೂ ಅಪಾರವಾಗಿ ಕಳೆದುಕೊಂಡಿತು. ದನ ಹೋದ ಮೇಲೆ ಮಳೆ ಬಂದರೂ ಬಿತ್ತುವುದು ಹೇಗೆ? ಒಂದು ವರ್ಷದ ಬರ ಮುಂದಿನ ವರ್ಷಕ್ಕೂ ಕಾಲು ಚಾಚುವುದು ಈ ದಾರಿಯಲ್ಲೇ.

ಇದಕ್ಕೆ ನಮ್ಮ ಪಕ್ಕದಲ್ಲೇ ಗಟ್ಟಿ ಸಾಕ್ಷ್ಯವಿದೆ. ಪಟಾಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ 1975ರಿಂದ ಒಣಬೇಸಾಯದ ಕೆಲವು ಹಳ್ಳಿಗಳನ್ನು ಆರಿಸಿಕೊಂಡು ಮನೆಮನೆಯ ಆದಾಯ, ಖರ್ಚು, ದನಕರುಗಳ ಲೆಕ್ಕವನ್ನು ವರ್ಷವರ್ಷವೂ ಬರೆದಿಟ್ಟಿತು. ಅವುಗಳಲ್ಲೊಂದು ಸೋಲಾಪುರ ಜಿಲ್ಲೆಯ ಶಿರಾಪುರ. ಇಂಡಿ ತಾಲ್ಲೂಕಿಗೆ ಸೋಲಾಪುರ ಜಿಲ್ಲೆ ನೆರೆಯದು. ನೆಲ, ಬೆಳೆ, ಬರ ಎಲ್ಲವೂ ಹತ್ತಿರದ ಸಂಬಂಧಿಗಳು. ಆ ಲೆಕ್ಕಗಳನ್ನು ಆಧರಿಸಿ ಮಾರ್ಕ್ ರೋಸೆನ್‌ಜ್ವೀಗ್ ಮತ್ತು ಕೆನೆತ್ ವೊಲ್ಪಿನ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಎತ್ತುಗಳ ಬಗೆಗೇ ಇದೆ. ಸಾಲ ಸಿಗದ ರೈತ ಕೆಟ್ಟ ವರ್ಷದಲ್ಲಿ ಊಟಕ್ಕಾಗಿ ಎತ್ತು ಮಾರುತ್ತಾನೆ, ಒಳ್ಳೆಯ ವರ್ಷದಲ್ಲಿ ಕೊಳ್ಳುತ್ತಾನೆ. ಹೀಗೆ ಮಾರುತ್ತ ಕೊಳ್ಳುತ್ತ ಹೋಗುವುದರಿಂದ ಬೇಸಾಯಕ್ಕೆ ಲಾಭವಾಗುವಷ್ಟು ಎತ್ತುಗಳು ಅವನ ಬಳಿ ಸರಾಸರಿಯಲ್ಲಿ ಎಂದೂ ಇರುವುದೇ ಇಲ್ಲ ಎಂಬುದು ಅದರ ಸಾರ. ಅದೇ ಎಪ್ಪತ್ತರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಅವರು ಒಣಸೀಮೆಗಳ ರೈತರ ಬಗ್ಗೆ ಬರೆಯುತ್ತ ಇನ್ನೊಂದು ಮುಖವನ್ನು ತೋರಿಸಿದ್ದರು. ದುಡಿಯುವ ಆಸ್ತಿಯನ್ನು ಕೈಬಿಡುವ ಮೊದಲು ರೈತ ಕುಟುಂಬ ತನ್ನ ಊಟವನ್ನು ಕಡಿತ ಮಾಡಿಕೊಳ್ಳುತ್ತದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಎಂಬತ್ತರ ದಶಕದ ಬರಗಳನ್ನು ಕುರಿತು 1998ರಲ್ಲಿ ಬಂದ ಅಧ್ಯಯನವೂ ಇದಕ್ಕೆ ಪೂರಕ. ಬೆಳೆ ಹೋಗಿ ಆದ ನಷ್ಟದಲ್ಲಿ ದನ ಮಾರಿ ತುಂಬಿಕೊಳ್ಳಲಾದದ್ದು ಹೆಚ್ಚೆಂದರೆ ಶೇ 15ರಿಂದ 30ರಷ್ಟು ಮಾತ್ರ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುವುದಿಷ್ಟು: ಎತ್ತು ಮಾರುವುದು ಬರಕ್ಕೆ ದುರ್ಬಲ ಪರಿಹಾರ, ಮತ್ತು ಅದರ ಬೆಲೆಯನ್ನು ಮುಂದಿನ ಬೆಳೆ ತೆರುತ್ತದೆ.

ಹಾಗಾದರೆ ಏನಾದರೂ ಮಾಡಿ ಎತ್ತನ್ನು ಉಳಿಸಿಕೊಳ್ಳಲೇಬೇಕೇ? ಇಲ್ಲ. ಉಳಿಸಿಕೊಳ್ಳಬೇಕೆಂದರೆ ಅದಕ್ಕೆ ಮೇವಿರಬೇಕು. ಸುಮಾರು 400 ಕಿಲೊ ತೂಗುವ ಎತ್ತಿಗೆ ದೇಹತೂಕದ ಶೇ 2ರಿಂದ 2.5ರಷ್ಟು, ಅಂದರೆ ದಿನಕ್ಕೆ ಎಂಟು ಹತ್ತು ಕಿಲೊ ಒಣಮೇವು ಬೇಕು. ಜೋಡಿಗೆ ಹದಿನಾರರಿಂದ ಇಪ್ಪತ್ತು ಕಿಲೊ. ಮಾರ್ಚ್‌ನಿಂದ ಜೂನ್ ಮುಗಿಯುವವರೆಗಿನ ಸುಮಾರು 120 ದಿನಗಳಿಗೆ ಹೆಚ್ಚುಕಡಿಮೆ ಎರಡರಿಂದ ಎರಡೂವರೆ ಟನ್. ನಾಲ್ಕಾರು ಸೂಡು ತೂಗಿ ಸರಾಸರಿ ತೆಗೆದು, ಬಣವಿಯಲ್ಲಿರುವ ಸೂಡುಗಳಿಂದ ಗುಣಿಸಿದರೆ ನಮ್ಮಲ್ಲಿ ಎಷ್ಟಿದೆ ಎಂಬುದು ತಿಳಿಯುತ್ತದೆ. ಕಡಲೆ, ತೊಗರಿಯ ಹೊಟ್ಟನ್ನು ಅದಕ್ಕೆ ಕೂಡಿಸಬಹುದು. ಕಾಲುವೆ ನೀರು ಕಂಡ ಊರುಗಳಲ್ಲಿ ಕಬ್ಬಿನ ತುದಿಯ ಹಸಿ ಎಲೆಯೂ ಸಿಗುತ್ತದೆ. ಆದರೆ ಸಕ್ಕರೆ ಕಾರ್ಖಾನೆಗಳು ಅರೆಯುವುದನ್ನು ನಿಲ್ಲಿಸಿದ ಮೇಲೆ ಆ ಮೇವೂ ನಿಲ್ಲುತ್ತದೆ, ಕೊರತೆ ಶುರುವಾಗುವುದೇ ಆಗ. ಜೋಳ ಬಿತ್ತುವುದನ್ನು ಬಿಟ್ಟು ತೊಗರಿ, ಕಬ್ಬಿಗೆ ಹೊರಳಿದ ಮನೆಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ತೊಗರಿಗೆ ಒಳ್ಳೆಯ ಬೆಲೆ ಬಂದಿರಬಹುದು, ಆದರೆ ಅದರ ಕಟ್ಟಿಗೆ ಎತ್ತಿಗೆ ಮೇವಾಗುವುದಿಲ್ಲ. ಜೋಳದ ಹೊಲ ಕಿರಿದಾದಂತೆ ಬಣವಿಯೂ ಕಿರಿದಾಯಿತು. ಎತ್ತು ಉಳಿಸಿಕೊಳ್ಳುವ ಇರಾದೆ ಇರುವವರು ಬಿತ್ತುವಾಗಲೇ ಅದರ ಪಾಲಿನ ಒಂದೆರಡು ಎಕರೆ ಜೋಳವನ್ನು ಮೀಸಲಿಡಬೇಕು.

ಈ ಅಳತೆಗೆ ನಮ್ಮ ಪಂಚಾಂಗವೇ ದಿನ ಗೊತ್ತುಮಾಡಿದೆ. ಎಳ್ಳಮಾವಾಸ್ಯೆಯಂದು ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಜೋಳ ಕಣ್ಣೆದುರಿಗೇ ನಿಂತಿರುತ್ತದೆ. ತೆನೆ ಹೇಗೆ ಬರಬಹುದು, ದಂಟು ಎಷ್ಟು ಎತ್ತರವಿದೆ, ಹಳೆಯ ಬಣವಿಗೆ ಇನ್ನೆಷ್ಟು ಕೂಡೀತು ಎಂಬುದು ಅನುಭವದ ಕಣ್ಣಿಗೆ ಅಂದೇ ಗೊತ್ತಾಗುತ್ತದೆ. ಅದರ ಆಸುಪಾಸಿನಲ್ಲೇ ಸಂಕ್ರಮಣ; ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜಾನುವಾರುಗಳು ತೊರವಿಯ ಬಳಿ ಸೇರುವುದು ಆಗಲೇ. ದನಗಳು ಇನ್ನೂ ಮೈತುಂಬಿಕೊಂಡಿರುವ, ನೆರೆಜಿಲ್ಲೆಗಳಿಂದಲೂ ಮಹಾರಾಷ್ಟ್ರದಿಂದಲೂ ಕೊಳ್ಳುವವರು ಬರುವ, ದುಡಿಯುವ ಎತ್ತನ್ನು ದುಡಿಸುವ ಒಕ್ಕಲಿಗನೇ ಕೊಳ್ಳುವ ಕಾಲ ಅದು. ಬಣವಿ ಸಾಲದು ಎಂದು ಗೊತ್ತಾದವರು ಮಾರಬೇಕಾದದ್ದು ಅಲ್ಲಿ, ಆಗ. ತನ್ನ ಜೋಡಿ ಯಾರ ಹಟ್ಟಿಗೆ ಹೋಗುತ್ತಿದೆ ಎಂದು ವಿಚಾರಿಸುವ, ಒಪ್ಪದ ಗಿರಾಕಿಯನ್ನು ತಿರುಗಿಸಿ ಕಳಿಸುವ ಸ್ವಾತಂತ್ರ್ಯ ಜನವರಿಯಲ್ಲಿ ಮಾರುವವನಿಗಿದೆ. ಮೇ ತಿಂಗಳಲ್ಲಿ ಪಕ್ಕೆಲುಬು ಕಾಣುವ ಎತ್ತನ್ನು ಹಿಡಿದು ನಿಂತವನಿಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ದಲಾಲಿ ಹೇಳಿದ್ದೇ ಬೆಲೆ. ಹಸಿದ ಎತ್ತನ್ನು ಗೂಟಕ್ಕೆ ಕಟ್ಟಿಕೊಂಡು ಇದು ನನ್ನ ಪ್ರೀತಿ ಎನ್ನುವುದನ್ನು ನಾನು ಒಪ್ಪಲಾರೆ. ಮೇವು ಹೊಂದಿಸಲಾಗದು ಎಂದು ತಿಳಿದ ಮೇಲೆ, ಮೇವಿರುವ ಮನೆಗೆ ಅದನ್ನು ಆರೋಗ್ಯವಾಗಿರುವಾಗಲೇ ಸೇರಿಸುವುದು ಪ್ರೀತಿಯ ಕರ್ತವ್ಯ.

ಬಣವಿ ಸ್ವಲ್ಪ ಕಡಿಮೆ ಬೀಳುವ ಮನೆಗಳ ಪ್ರಶ್ನೆ ಹೆಚ್ಚು ಕಠಿಣ. ಸಾಲ ಮಾಡಿ ಮೇವು ತಂದು ಎತ್ತು ಉಳಿಸುವುದು ಜಾಣತನವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಇದಕ್ಕೊಂದು ಅಳತೆಗೋಲು ಸರ್ಕಾರದ ನಿಯಮಗಳಲ್ಲೇ ಸಿಗುತ್ತದೆ. 2022ರಿಂದ 2026ರ ಅವಧಿಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿ ಜಾನುವಾರು ಶಿಬಿರದಲ್ಲಿ ದೊಡ್ಡ ಪ್ರಾಣಿಯೊಂದರ ಮೇವು ನೀರಿಗೆ ದಿನಕ್ಕೆ 80 ರೂಪಾಯಿ ಇಟ್ಟಿತ್ತು. ಅದೇ ದರ ಹಿಡಿದರೆ ಜೋಡಿಗೆ ತಿಂಗಳಿಗೆ 4,800, ನಾಲ್ಕು ತಿಂಗಳಿಗೆ 19,200 ರೂಪಾಯಿ. ಇಷ್ಟನ್ನೂ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದು ವರ್ಷಕ್ಕೆ ತೀರಿಸಿದರೆ ಬಡ್ಡಿ 6,912 ಸೇರಿ 26,112 ರೂಪಾಯಿ. ಬೇಸಿಗೆಯಲ್ಲಿ ಮಾರಿದರೆ ಬರುವ ಹಣಕ್ಕೂ, ಅಂಥದೇ ಜೋಡಿಯನ್ನು ಮಳೆ ಬಿದ್ದ ಮೇಲೆ ಕೊಳ್ಳಲು ಕೊಡಬೇಕಾದ ಹಣಕ್ಕೂ ನಡುವಿನ ಅಂತರ ಇದಕ್ಕಿಂತ ಹೆಚ್ಚಾದರೆ, ಆ ದುಬಾರಿ ಸಾಲ ಮಾಡಿಯೂ ಉಳಿಸಿಕೊಳ್ಳುವುದೇ ಲಾಭ. ಕಡಿಮೆಯಾದರೆ ಮಾರುವುದು ಲಾಭ. ನಾಲ್ಕು ತಿಂಗಳ ಪೂರ್ತಿ ಮೇವು ಕೊಳ್ಳಬೇಕಾದವರ ಲೆಕ್ಕವಿದು. ಅರ್ಧ ಬಣವಿ ಮನೆಯಲ್ಲಿದ್ದರೆ ಹೊರೆಯೂ ಅರ್ಧವಾಗುತ್ತದೆ. ಆದರೆ ಈ ಲೆಕ್ಕದಲ್ಲಿ ಒಂದು ಕಲಮನ್ನು ಮರೆಯಬಾರದು. ಜೋಧಾ ಅವರು ಕಂಡಂತೆ ಊಟ ಕಡಿತ ಮಾಡಿ ಎತ್ತು ಉಳಿಸುವ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ಕೊನೆಗೆ ಉಣ್ಣುವವರ ಪಾಲು. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಹೆಣ್ಣುಮಕ್ಕಳು. ತಾಯಿಯ ತಟ್ಟೆಯ ರೊಟ್ಟಿಯಿಂದ ಎತ್ತಿನ ಮೇವಿನ ಖರ್ಚು ಹೊರಡುತ್ತಿದ್ದರೆ ಆ ಎತ್ತನ್ನು ಮಾರಲೇಬೇಕು. ಆ ನಿರ್ಧಾರದಲ್ಲಿ ಅವಳ ಮಾತಿಗೂ ಗಂಡನ ಮಾತಿನಷ್ಟೇ ತೂಕವಿರಬೇಕು.

ಇನ್ನು ಟ್ರ್ಯಾಕ್ಟರಿನ ವಾದ. ಬಾಡಿಗೆಗೆ ಟ್ರ್ಯಾಕ್ಟರ್ ಸಿಗುವಾಗ, ವರ್ಷದ ಹೆಚ್ಚಿನ ದಿನ ಸುಮ್ಮನೆ ನಿಂತು ಮೇಯುವ ಎತ್ತೇಕೆ ಎಂದು ಕಿರಿಯರು ಕೇಳುತ್ತಾರೆ. ದೇಶದ ಲೆಕ್ಕವೂ ಅವರ ಕಡೆಗೇ ಇದೆ. 2019ರ ಜಾನುವಾರು ಗಣತಿಯ ಪ್ರಕಾರ ಹಸುಗಳ ಸಂಖ್ಯೆ ಹಿಂದಿನ ಗಣತಿಗಿಂತ ಶೇ 18ರಷ್ಟು ಏರಿ 14.5 ಕೋಟಿಯಾಯಿತು, ದನಗಳ ಒಟ್ಟು ಸಂಖ್ಯೆ ಮಾತ್ರ ಹೆಚ್ಚುಕಡಿಮೆ 19.25 ಕೋಟಿಯಲ್ಲೇ ನಿಂತಿತು. ಅಂದರೆ ಗಂಡುದನಗಳು ಏಳು ವರ್ಷಗಳಲ್ಲಿ ಭಾರಿ ಪ್ರಮಾಣದಲ್ಲಿ ಇಳಿದವು. ನೆಲ ಆಳವಾಗಿ ಹೂಡುವುದರಲ್ಲಿ, ಬೆಳೆ ಸಾಗಿಸುವುದರಲ್ಲಿ ಟ್ರ್ಯಾಕ್ಟರಿನ ಮುಂದೆ ಎತ್ತು ನಿಲ್ಲದು, ನಿಜ. ಒಂದೆರಡು ಎಕರೆಯ ಒಡೆಯನಿಗೆ ಜೋಡಿ ಸಾಕುವುದು ಲೆಕ್ಕಕ್ಕೆ ಬಾರದಿರಬಹುದು, ಅದನ್ನೂ ಒಪ್ಪಬೇಕು. ಆದರೆ ಎರಿ ಭೂಮಿಯ ಹದ ಊರಿನ ಎಲ್ಲರ ಹೊಲಕ್ಕೂ ಒಂದೇ ವಾರ ಬರುತ್ತದೆ, ಆ ವಾರ ಟ್ರ್ಯಾಕ್ಟರಿನ ಸರದಿ ಸಣ್ಣ ರೈತನಿಗೆ ಕೊನೆಗೆ ಬರುತ್ತದೆ. ತೇವ ಆರದ ಎರಿಯಲ್ಲಿ ಭಾರದ ಗಾಲಿ ಓಡಿದರೆ ನೆಲ ಗಟ್ಟಿಯಾಗುತ್ತದೆ. ಬೆಳೆಯ ಸಾಲಿನ ನಡುವೆ ಎಡೆ ಹೊಡೆಯುವ ಕೆಲಸದಲ್ಲಿ ಎತ್ತಿನ ಹೆಜ್ಜೆಯ ನಾಜೂಕು ಇಂದಿಗೂ ಬೇಕು. ಎತ್ತಿನ ಸಗಣಿ ತಿಪ್ಪೆ ಸೇರಿ ಹೊಲಕ್ಕೆ ಮರಳುತ್ತದೆ. ಟ್ರ್ಯಾಕ್ಟರಿಗೆ ಸುರಿದ ಡೀಸೆಲಿನ ಹಣ ಊರು ಬಿಟ್ಟು ಹೋಗುತ್ತದೆ. ಒಂಟಿಯಾಗಿ ಜೋಡಿ ಸಾಕಲಾರದ ಇಬ್ಬರು ಒಂದೊಂದು ಎತ್ತು ಇಟ್ಟುಕೊಂಡು ಕೂಡಿ ಹೂಡುವುದು, ಆಳವಾದ ಉಳುಮೆಗೆ ಮಾತ್ರ ಟ್ರ್ಯಾಕ್ಟರ್ ಹಿಡಿಯುವುದು ಮಧ್ಯದ ದಾರಿ. ಇದು ಒಪ್ಪಿಗೆಯಾದರೆ ಇಬ್ಬರೂ ಅರ್ಧ ಹೊರೆ ಹೊರುತ್ತಾರೆ, ಇಬ್ಬರ ಹೊಲಕ್ಕೂ ಹದ ತಪ್ಪುವುದಿಲ್ಲ.

ಮುದಿ ಎತ್ತಿನ ಪ್ರಶ್ನೆ ಬೇರೆಯೇ. ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆ 12 ವರ್ಷ ದಾಟಿದ ಎತ್ತಿನ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಿಂದ ಜಾರಿಯಾದ ಹೊಸ ಕಾಯ್ದೆ ಎತ್ತು ಹೋರಿಗಳನ್ನು ವಯಸ್ಸಿನ ಭೇದವಿಲ್ಲದೆ ವಧೆಯಿಂದ ಹೊರಗಿಟ್ಟಿದೆ. ಇದರ ಪರವಾಗಿಯೂ ವಿರುದ್ಧವಾಗಿಯೂ ಗಾಢ ನಂಬಿಕೆಗಳಿವೆ. ಆದರೆ ಒಕ್ಕಲಿಗನ ಲೆಕ್ಕದಲ್ಲಿ ಆದ ಬದಲಾವಣೆ ಸ್ಪಷ್ಟ: ದುಡಿಮೆ ಮುಗಿದ ಎತ್ತಿಗೆ ಮಾರುಕಟ್ಟೆ ಇಲ್ಲವಾಯಿತು, ಅದರ ಕೊನೆಯ ವರ್ಷಗಳ ಮೇವು ಪೂರ್ತಿಯಾಗಿ ಅವನ ಪಾಲಿಗೆ ಬಂತು. ಆದ್ದರಿಂದ ವಯಸ್ಸಾಗುವ ಮೊದಲೇ ಮಾರಿಬಿಡು ಎಂಬ ಸಲಹೆ ಈಗ ಸಂತೆಗಳಲ್ಲಿ ಸಹಜವಾಗಿ ಕೇಳಿಬರುತ್ತದೆ. ನನಗದು ಸಮಾಧಾನ ಕೊಡುವುದಿಲ್ಲ. ಸಂಕಟವನ್ನು ಇನ್ನೊಬ್ಬ ರೈತನ ಹಟ್ಟಿಗೆ ದಾಟಿಸಿದರೆ ಅದು ಮುಗಿಯುವುದಿಲ್ಲ. ಹತ್ತು ವರ್ಷ ದುಡಿದ ಎತ್ತಿಗೆ ಮನೆಯಲ್ಲೇ ವಿಶ್ರಾಂತಿ ಕೊಡಬಲ್ಲವರು ಕೊಡಲಿ, ಅದು ಈ ನೆಲದ ದೊಡ್ಡತನ. ಕೊಡಲಾರದವರನ್ನು ಕಠಿಣರೆಂದು ಯಾರೂ ದೂರಬಾರದು. ಎತ್ತಿನ ಜೀವ ಉಳಿಯಬೇಕೆಂದು ಸಮಾಜ ತೀರ್ಮಾನಿಸಿದ ಮೇಲೆ ಅದರ ಮೇವಿನ ಖರ್ಚಿನಲ್ಲಿಯೂ ಸಮಾಜಕ್ಕೆ ಪಾಲಿರಬೇಕು.

ಈಗಿನ ವ್ಯವಸ್ಥೆಯಲ್ಲಿ ಆ ಪಾಲು ಸರಿಯಾದ ಜಾಗದಲ್ಲಿ ಇಲ್ಲ. 2022ರಿಂದ 2026ರ ಅದೇ ಮಾರ್ಗಸೂಚಿಯಲ್ಲಿ, ವಿಪತ್ತಿನಲ್ಲಿ ದುಡಿಯುವ ಎತ್ತು ಸತ್ತರೆ ಪರಿಹಾರ 32,000 ರೂಪಾಯಿ ಇತ್ತು. ಅದನ್ನು ಮನೆಯ ಗ್ವಾದಲಿಯಲ್ಲೇ ಮೇಯಿಸಿ ಬದುಕಿಸಿದರೆ ಅದರಲ್ಲಿ ಅಂಥ ನೆರವಿರಲಿಲ್ಲ. ಗೋಶಾಲೆ, ಮೇವು ಬ್ಯಾಂಕ್ ತೆರೆಯುವುದು ಬರ ಘೋಷಣೆಯಾದ ಮೇಲೆ, ಬಹಳ ಸಲ ಬೇಸಿಗೆ ಕಾವೇರಿದ ಮೇಲೆ. ಅಷ್ಟರಲ್ಲಿ ಬಡವನ ಜೋಡಿ ಸಂತೆ ಸೇರಿರುತ್ತದೆ. ಇದನ್ನು ಬದಲಿಸುವುದು ಅಸಾಧ್ಯವೇನಲ್ಲ. ರಾಜಸ್ಥಾನ ಸರ್ಕಾರ 2025ರ ಬಜೆಟ್‌ನಲ್ಲಿ ಎತ್ತುಗಳಿಂದ ಬೇಸಾಯ ಮಾಡುವ ಸಣ್ಣ ರೈತರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವುದಾಗಿ ಘೋಷಿಸಿತು. ಜೋಡೆತ್ತಿನ ರೈತರಿಗೆ ಪ್ರೋತ್ಸಾಹಧನ ಬೇಕೆಂಬ ಕೂಗು ನಮ್ಮ ವಿಜಯಪುರ ಜಿಲ್ಲೆಯಲ್ಲಿಯೂ ಇದೆ. ಅಷ್ಟು ದೊಡ್ಡ ಮೊತ್ತ ಕೂಡಲೇ ಆಗದಿದ್ದರೂ, ಜನವರಿಯಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಮೂಲಕ ಜೋಡಿಗೆ ನಾಲ್ಕು ತಿಂಗಳ ಮೇವಿನ ಸಾಲವನ್ನು ಬೆಳೆಸಾಲದ ಬಡ್ಡಿಯಲ್ಲೇ ಕೊಡಬಹುದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಪರಂಪರೆ ನಮ್ಮದು. ಬಡ್ಡಿ ವ್ಯಾಪಾರಿಯ ಕೈಯಿಂದ ರೈತನನ್ನು ಬಿಡಿಸುವುದೇ ಸಹಕಾರ ಚಳವಳಿಯ ಮೊದಲ ಉದ್ದೇಶವಾಗಿತ್ತು. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮೆ ದುಡಿಯುವ ಗಂಡುದನಗಳಿಗೂ ಅನ್ವಯಿಸುತ್ತದೆ. 2024ರಲ್ಲಿ ರೈತನ ಪಾಲಿನ ಕಂತನ್ನು ಶೇ 15ಕ್ಕೆ ಇಳಿಸಲಾಗಿದೆ. ವಿಮೆ ಇರುವ ಎತ್ತಿನ ಮೇಲೆ ಸಾಲ ಕೊಡಲು ಸಂಘಗಳು ಹೆದರಬೇಕಾಗಿಲ್ಲ.

ಅಲ್ಲಿಯವರೆಗೆ ಮನೆಗಳು ತಮ್ಮ ಕೈಯಲ್ಲಿರುವುದನ್ನು ಮಾಡಬಹುದು. ಎಳ್ಳಮಾವಾಸ್ಯೆಯ ವಾರ ಮನೆಮಂದಿಯೆಲ್ಲ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ: ಮೃಗಶಿರದವರೆಗೆ ಮೇವೆಷ್ಟು ಬೇಕು, ಬಣವಿ ಎಷ್ಟಾಗುತ್ತದೆ, ಉಳಿದ ಕೊರತೆಯನ್ನು ಯಾರ ಊಟಕ್ಕೂ ಕೈಯಿಕ್ಕದೆ ತುಂಬಬಹುದೇ. ತುಂಬಬಹುದಾದರೆ ಮಾರುವ ಮಾತು ಅಂದಿಗೇ ಮುಗಿಯಿತು. ಏಪ್ರಿಲಿನಲ್ಲಿ ದಲಾಲಿ ಎಷ್ಟೇ ಹೆದರಿಸಲಿ, ಜೋಡಿ ಗೂಟದಲ್ಲಿ ಉಳಿಯಲಿ. ತುಂಬಲಾಗದಿದ್ದರೆ ಸಂಕ್ರಮಣದ ಜಾತ್ರೆಯಲ್ಲಿ, ದುಡಿಸಿ ಮೇಯಿಸುವ ಮನೆಯನ್ನು ನೋಡಿ, ತಲೆ ಎತ್ತಿಕೊಂಡು ಮಾರಲಿ. ಹಾಗೆ ಮಾರಿದವರು ಎತ್ತಿಗೆ ದ್ರೋಹ ಮಾಡಿದವರಲ್ಲ. ಬಂದ ಹಣದಲ್ಲಿ ಒಂದು ಭಾಗವನ್ನು ಮುಟ್ಟದೆ ಇಟ್ಟು ಮುಂದಿನ ಮುಂಗಾರಿಗೆ ಒಂದು ಹೋರಿಯನ್ನಾದರೂ ಕೊಂಡರೆ ಒಕ್ಕಲುತನ ಕಡಿದುಹೋಗುವುದಿಲ್ಲ. ಮಳೆ ನಮ್ಮ ಮಾತು ಕೇಳುವುದಿಲ್ಲ, ಸಂತೆಯ ಬೆಲೆಯೂ ಕೇಳುವುದಿಲ್ಲ. ನಿರ್ಧಾರದ ದಿನ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಬೇಸಿಗೆಗೆ ಬಿಟ್ಟುಕೊಡಬಾರದು.